ಪೈಪಿನ ಆಚೆಯ ನೀರು

2024ರ ಡಿಸೆಂಬರ್ 11, ಬುಧವಾರ, ಬೆಳಿಗ್ಗೆ 9 ಗಂಟೆ 40 ನಿಮಿಷಕ್ಕೆ ನುರ್ಸಿಯಾ ಲಾಕಿಬುಲ್ ಕೈ ಎತ್ತಿದಳು. ಆ ಕೊಠಡಿಗೆ ನಾನು ಮೇಲ್ವಿಚಾರಕಿ. ಪರೀಕ್ಷೆಯ ನಡುವೆ ಯಾರಾದರೂ ಕೈ ಎತ್ತಿದರೆ ಸಮಯ ಬರೆದುಕೊಳ್ಳಬೇಕು. ಬರೆದುಕೊಂಡೆ. ಆಮೇಲೆ ಅವಳ ಹತ್ತಿರ ಹೋದೆ.

ಅದು ಮೀನುಗಾರಿಕೆ ಪದವಿಯ ಉಳಿಕೆ ಪರೀಕ್ಷೆ. ನಮ್ಮ ದ್ವೀಪಗಳಲ್ಲಿ ಕಾಲೇಜಿಗೆ ಸೇರಿಕೊಂಡರೆ ಸಾಲದು, ಅಲ್ಲಿ ಉಳಿಯುವುದಕ್ಕೆ ಬೇರೊಂದು ಪರೀಕ್ಷೆ ಬರೆಯಬೇಕು. ನೂರಕ್ಕೆ ಎಪ್ಪತ್ತೈದು ಬಂದರೆ ಮುಂದಿನ ತರಗತಿ. ಬರದಿದ್ದರೆ ಗೇಟಿನ ಹೊರಗೆ. ಅಲ್ಲಿವರೆಗೆ ಓದಿ ಪಾಸು ಮಾಡಿದ್ದೆಲ್ಲ ನೀರುಪಾಲು. ಎರಡನೇ ಅವಕಾಶ ಇಲ್ಲ.

ನುರ್ಸಿಯಾ ಟ್ಯಾಬ್ಲೆಟ್ಟಿನ ಪರದೆಯನ್ನು ನನ್ನ ಕಡೆ ತಿರುಗಿಸಿದಳು.

"ಮ್ಯಾಮ್, ಇದನ್ನ ಬಿಟ್ಟು ಮುಂದಿನದಕ್ಕೆ ಹೋಗೋಕೆ ಆಗ್ತಿಲ್ಲ."

ಪ್ರಶ್ನೆ ಇಂಗ್ಲಿಷಿನಲ್ಲಿತ್ತು. ನಮ್ಮಲ್ಲಿ ಪರೀಕ್ಷೆಗಳೆಲ್ಲ ಇಂಗ್ಲಿಷಿನಲ್ಲೇ. ಅದು ಹೇಳುತ್ತಿದ್ದುದು ಇಷ್ಟು: ತಾಬುಕ್ ಎಂಬಲ್ಲಿ ಸಮುದ್ರದ ಮೇಲೆ ಕಂಬದ ಮನೆಗಳಲ್ಲಿ ವಾಸಿಸುವ ಬಜಾವ್ ಸಮುದಾಯ ತನ್ನ ಸಾಂಪ್ರದಾಯಿಕ ಅಭ್ಯಾಸದಂತೆ ಮಲವನ್ನು ನೇರವಾಗಿ ಸಮುದ್ರಕ್ಕೆ ಬಿಡುತ್ತದೆ. ಇದರಿಂದ ಪಕ್ಕದ ಕಾಲೇಜಿನ ಮೀನುಮರಿ ತೊಟ್ಟಿಗಳ ನೀರಿನಲ್ಲಿ ಕೋಲಿಫಾರಂ ಬ್ಯಾಕ್ಟೀರಿಯ ಹೆಚ್ಚಿದೆ. ಮಾಲಿನ್ಯದ ಮೂಲವನ್ನು ನಿವಾರಿಸಲು ಅತ್ಯಂತ ಸೂಕ್ತ ಕ್ರಮ ಯಾವುದು? ಅ: ಸಮುದಾಯವನ್ನು ಸ್ಥಳಾಂತರಿಸುವುದು. ಆ: ದಂಡ ವಿಧಿಸುವುದು. ಇ: ಶೌಚದ ಶಿಸ್ತು ಕಲಿಸುವುದು. ಈ: ಮೇಲಿನ ಮೂರೂ.

ನುರ್ಸಿಯಾ ತಾಬುಕ್‌ನವಳು. ಅವರು ತಮ್ಮನ್ನು ಸಾಮಾ ಎಂದು ಕರೆದುಕೊಳ್ಳುತ್ತಾರೆ. ದಡದ ಮೇಲಿನ ನಾವೆಲ್ಲ ಬಜಾವ್ ಎನ್ನುತ್ತೇವೆ. ಬೆನ್ನ ಹಿಂದೆ ಲುವಾಆನ್ ಎನ್ನುತ್ತಾರೆ, ಎಂದರೆ ಬಾಯಿಂದ ಉಗಿದದ್ದು. ಆ ಕಂಬದ ಮನೆಗಳಿಂದ ನಮ್ಮ ಕಾಲೇಜಿನ ಬೆಂಚಿನ ಮೇಲೆ ಬಂದು ಕೂತ ಮೊದಲ ಜೀವ ಅವಳು.

ಆ ಬೆಂಚಿಗೆ ಅವಳು ಮೈಮುರಿದು ದುಡಿದು ಬಾಡಿಗೆ ಕಟ್ಟುತ್ತಿದ್ದಳು. ಶುಲ್ಕ ಮಾಫಿಗೆ ಪ್ರತಿಯಾಗಿ ಕೆಲಸ ಮಾಡುವ ವಿದ್ಯಾರ್ಥಿಗಳು ನಮ್ಮಲ್ಲಿದ್ದಾರೆ. ಕೆಲವರು ಗ್ರಂಥಾಲಯದಲ್ಲಿ ಪುಸ್ತಕ ಜೋಡಿಸುತ್ತಾರೆ, ಕೆಲವರು ಕಚೇರಿಯಲ್ಲಿ ಜೆರಾಕ್ಸ್ ತೆಗೆಯುತ್ತಾರೆ. ನುರ್ಸಿಯಾಳಿಗೆ ಸಿಕ್ಕಿದ್ದು ತೊಟ್ಟಿಗಳ ಕೆಲಸ. ಮೀನುಮರಿ ತೊಟ್ಟಿಗಳ ತಳದ ಕೆಸರು ತೋಡುವುದು, ಗೋಡೆಯ ಪಾಚಿ ಉಜ್ಜುವುದು, ಸತ್ತ ಮರಿಗಳನ್ನು ಹೆಕ್ಕುವುದು. ಆಗಸ್ಟ್‌ನಲ್ಲಿ ಸಮುದ್ರದ ನೀರೆತ್ತುವ ಪಂಪು ಕೆಟ್ಟಿತು. ರಿಪೇರಿಗೆ ಕಾಗದ ಹೋಯಿತು. ಕಾಗದ ವಾಪಸ್ಸು ಬರಲಿಲ್ಲ. ಅಂದಿನಿಂದ ಪಂಪಿನ ಕೆಲಸವೂ ಅವಳದ್ದೇ ಆಯಿತು. ಹೆಗಲ ಮೇಲೆ ಬಿದಿರು, ಎರಡು ತುದಿಗೆ ಎರಡು ಬಕೆಟ್ಟು.

ನೀರು ತುಂಬುವುದಕ್ಕೂ ನಮ್ಮಲ್ಲಿ ಒಂದು ನಿಯಮ ಇದೆ. ಹೊಸ ವಿದ್ಯಾರ್ಥಿಗಳಿಗೆ ಪ್ರಯೋಗಾಲಯದಲ್ಲಿ ಕಲಿಸುವ ಮೊದಲ ಪಾಠವೇ ಅದು. ಹಾಸ್ಟೆಲ್ಲಿನ ಶೌಚದ ಪೈಪು ಪ್ರಯೋಗಾಲಯದ ಹಿಂದೆ ಬಂದು ಸೀದಾ ಸಮುದ್ರಕ್ಕೆ ಬಾಯಿ ತೆರೆಯುತ್ತದೆ. ಅದರ ಹತ್ತಿರದ ನೀರು ತೊಟ್ಟಿಗೆ ಬಿದ್ದರೆ ಮರುದಿನ ಮರಿಗಳು ಹೊಟ್ಟೆ ಮೇಲೆ ಮಾಡಿ ತೇಲುತ್ತವೆ. ಹಾಗಾಗಿ ಪೈಪು ದಾಟಿ, ತಾಬುಕ್‌ನ ಮನೆಗಳನ್ನೂ ದಾಟಿ, ನೀಲಿ ನೀರು ಶುರುವಾಗುವಲ್ಲಿಗೆ ಹೋಗಿ ತುಂಬಬೇಕು. ತೊಟ್ಟಿಯ ಗೋಡೆಯ ಮೇಲೆ ಯಾರೋ, ನನಗಿಂತ ಮುಂಚೆ ಇದ್ದವರು, ಕೆಂಪು ಬಣ್ಣದಲ್ಲಿ ದಪ್ಪಗೆ ಬರೆದಿದ್ದಾರೆ: ನೀರು ಪೈಪಿನ ಆಚೆಯಿಂದ.

ಕಾಲೇಜಿನಲ್ಲಿ ಇದು ಗೊತ್ತಿಲ್ಲದವರು ಇಲ್ಲ. ಮೀನಿಗೆ ಆಗದ ನೀರನ್ನು ಅಳೆಯಬೇಕೆಂದು ಯಾರಿಗೂ ಅನಿಸಿರಲಿಲ್ಲ. ನನಗೂ.

ಅವಳು ನೀರು ಹೊತ್ತು ಬರುವಾಗ ಹುಡುಗರು ಮೆಟ್ಟಿಲ ಮೇಲೆ ಕೂತಿರುತ್ತಿದ್ದರು. ಬಂದರಿನಲ್ಲಿ ಹಡಗಿನ ಪ್ರಯಾಣಿಕರು ನಾಣ್ಯ ಎಸೆಯುತ್ತಾರೆ, ಸಾಮಾ ಮಕ್ಕಳು ಧುಮುಕಿ ಹೆಕ್ಕುತ್ತವೆ. ಈ ಊರಿನವರ ಮನರಂಜನೆ ಅದು. ಕ್ಲೈಡ್ ಬುಕೊಯ್ ಎಂಬವನೊಬ್ಬ, ಅವಳದ್ದೇ ತರಗತಿಯವನು, ಒಂದು ದಿನ ಅವಳ ಬಕೆಟ್ಟಿಗೆ ನಾಣ್ಯ ಎಸೆದ.

"ಧುಮುಕು ತಂಗಿ. ನೀರು ಆಳ ಇಲ್ಲ, ಹೆದರ್ಬೇಡ."

ಮೆಟ್ಟಿಲೆಲ್ಲ ನಕ್ಕಿತು. ಆಮೇಲೆ ಅದು ದಿನದ ಆಟವಾಯಿತು. ಅವಳು ನೀರನ್ನು ತೊಟ್ಟಿಗೆ ಸುರಿಯುತ್ತಿದ್ದಳು. ತಳದ ನಾಣ್ಯ ತೆಗೆದು ಕಿಟಕಿಯ ಕಟ್ಟೆಯ ಮೇಲೆ ಇಡುತ್ತಿದ್ದಳು. ಒಂದನ್ನೂ ಇಟ್ಟುಕೊಳ್ಳಲಿಲ್ಲ, ಒಂದನ್ನೂ ತಿರುಗಿ ಎಸೆಯಲಿಲ್ಲ. ಉಪ್ಪು ಗಾಳಿಗೆ ನಾಣ್ಯಗಳು ಕಪ್ಪಾದವು. ಸಾಲು ಬೆಳೆಯಿತು. ನಾನು ಗದರಿಸಿದರೆ ಕ್ಲೈಡ್ ಹಲ್ಲು ಬಿಡುತ್ತಿದ್ದ. ಗುತ್ತಿಗೆ ಉಪನ್ಯಾಸಕಿಯ ಗದರಿಕೆಗೆ ಎಷ್ಟು ತೂಕ ಎಂದು ಅವನಿಗೆ ಗೊತ್ತಿತ್ತು.

ಮೊದಲು ಉಳಿಕೆ ಪರೀಕ್ಷೆ ಹೀಗಿರಲಿಲ್ಲ. ನಡೆದಾಡುವ ಪರೀಕ್ಷೆ ಎನ್ನುತ್ತಿದ್ದೆವು. ಉದ್ದಕ್ಕೆ ಮೇಜುಗಳು. ಒಂದರ ಮೇಲೆ ಮೀನಿನ ಕಿವಿರು, ಇನ್ನೊಂದರ ಮೇಲೆ ಸಮುದ್ರದ ಪಾಚಿ, ಮತ್ತೊಂದರ ಮೇಲೆ ಸೂಕ್ಷ್ಮದರ್ಶಕದಡಿ ಒಂದು ಹನಿ ನೀರು. ಗಂಟೆ ಹೊಡೆದರೆ ಮುಂದಿನ ಮೇಜಿಗೆ ಹೋಗಬೇಕು. ಕಂಡದ್ದನ್ನು ಬರೆಯಬೇಕು. ಆ ಮೇಜುಗಳನ್ನು ಹಿಂದಿನ ದಿನವೆಲ್ಲ ಕೂತು ಸಿದ್ಧ ಮಾಡುತ್ತಿದ್ದವಳು ನಾನು. ಅದರಲ್ಲೂ ಅನ್ಯಾಯ ಇತ್ತು. ಆದರೆ ಬರೆದವರು ಯಾರು ಎಂದು ಗೊತ್ತಿತ್ತು. ತಪ್ಪು ಕಂಡರೆ ವಿದ್ಯಾರ್ಥಿ ನೇರ ನನ್ನ ಹತ್ತಿರ ಬಂದು ಜಗಳ ಆಡಬಹುದಿತ್ತು. ಆಡುತ್ತಿದ್ದರು.

ಈ ವರ್ಷ ಡೀನ್ ಅತಿಲಾನೊ ಅದನ್ನು ನಿಲ್ಲಿಸಿದರು. ಸೋಮವಾರದ ಧ್ವಜವಂದನೆಯಲ್ಲಿ ಅವರೇ ಘೋಷಿಸಿದರು. ನಾನು ಗುತ್ತಿಗೆಯವರ ಸಾಲಿನಲ್ಲಿ, ಕಸ ಗುಡಿಸುವವರ ಪಕ್ಕ, ಕೊನೆಯಲ್ಲಿ ನಿಂತು ಕೇಳಿದೆ. ಕೃತಕ ಬುದ್ಧಿಮತ್ತೆಯ ಭಾಷಾ ಯಂತ್ರ ಆರು ನೂರು ಪ್ರಶ್ನೆಗಳನ್ನು ಊಟದ ಬಿಡುವಿನಲ್ಲೇ ಬರೆದುಕೊಟ್ಟಿದೆಯಂತೆ. ಪ್ರಶ್ನೆಗಳು ಸಪ್ಪೆ ಅನಿಸಿದ್ದಕ್ಕೆ ಅವರು ನಮ್ಮ ಊರು, ಕಾಲೇಜು, ಸುತ್ತಲಿನ ಹಳ್ಳಿಗಳ ಹೆಸರು ಕೊಟ್ಟು, ಇಲ್ಲಿನ ಬದುಕಿನ ಉದಾಹರಣೆ ಹಾಕು ಎಂದರಂತೆ. ಯಂತ್ರ ಹಾಕಿತಂತೆ. ನಮ್ಮ ಸಮುದ್ರ, ನಮ್ಮ ಜನ, ನಮ್ಮ ಪ್ರಶ್ನೆ ಎಂದು ಅವರು ಹೇಳಿದಾಗ ಮುಂದಿನ ಸಾಲು ಚಪ್ಪಾಳೆ ತಟ್ಟಿತು.

ಯಂತ್ರಕ್ಕೆ ನಮ್ಮ ಜನ ಎಲ್ಲಿ ಗೊತ್ತು? ನಮ್ಮ ಬಗ್ಗೆ ಯಾರ್ಯಾರೋ ಬರೆದದ್ದು ಗೊತ್ತು. ತಾಬುಕ್‌ನವರು ತಮ್ಮ ಬಗ್ಗೆ ಏನೂ ಬರೆದಿಲ್ಲ. ಅವರ ಬಗ್ಗೆ ಇರುವುದೆಲ್ಲ ಪತ್ರಿಕೆಯವರದ್ದು, ನಗರಸಭೆಯದ್ದು, ಅವರಿಂದ ಮೂಗು ಮುಚ್ಚಿಕೊಂಡು ಹೋದವರದ್ದು. ಯಂತ್ರ ಅದನ್ನೇ ಉಂಡು ಅದನ್ನೇ ಕಾರಿತು. ಪ್ರಶ್ನೆಗಳನ್ನು ಮೂವರು ಪರಿಶೀಲಿಸಿ ಸಹಿ ಹಾಕಿದ್ದರು. ಅವರಲ್ಲಿ ಒಬ್ಬರು ಕ್ಯಾಂಟೀನಿನಲ್ಲಿ ಅನ್ನ ಕಲಸುತ್ತಾ, ಆರು ನೂರು ಯಾರು ಓದುತ್ತಾರೆ, ಮೊದಲ ಇಪ್ಪತ್ತು ಓದಿದೆವು, ಚೆನ್ನಾಗಿದ್ದವು ಎಂದಿದ್ದರು.

ಆ ಬುಧವಾರ ನಾನು ಅವಳ ಬೆಂಚಿನ ಪಕ್ಕ ಬಾಗಿ ನಿಂತೆ. ಉತ್ತರ ಕೊಡದೆ ಪ್ರಶ್ನೆ ದಾಟಲು ತಂತ್ರಾಂಶ ಬಿಡುತ್ತಿರಲಿಲ್ಲ. ಹಿಂದಕ್ಕೂ ಹೋಗುವಂತಿಲ್ಲ. ಮೂವತ್ತೇಳನೆಯ ಪ್ರಶ್ನೆ ಅದು. ಇನ್ನೂ ಅರವತ್ತಮೂರು ಅದರ ಹಿಂದೆ ಬಾಗಿಲು ಹಾಕಿಕೊಂಡು ನಿಂತಿದ್ದವು.

"ಯಾವುದಾದ್ರೂ ಒಂದು ಒತ್ತು," ಎಂದೆ.

"ಯಾವುದು ಮ್ಯಾಮ್?"

"ತಪ್ಪಾದ್ರೂ ಪರವಾಗಿಲ್ಲ. ಒಂದೇ ಮಾರ್ಕು."

"ತಪ್ಪೋ ಸರಿಯೋ ಅಂತಲ್ಲ." ಅವಳು ಪರದೆಯನ್ನೇ ನೋಡುತ್ತಿದ್ದಳು. "ನಾಲ್ಕರಲ್ಲಿ ಯಾವುದು ಒತ್ತಿದ್ರೂ ಮೇಲೆ ಬರೆದಿರೋದನ್ನ ಒಪ್ಪಿದ ಹಾಗೆ ತಾನೆ. ನಾನೇ ಹೇಳಿದ ಹಾಗಾಗುತ್ತೆ."

ಹಿಂದಿನ ಬೆಂಚಿನಿಂದ ಯಾರೋ ಮೂಗಿನಲ್ಲಿ ನಕ್ಕರು. ಅದೇ ಪ್ರಶ್ನೆ ಅವರಿಗೂ ಬಂದಿತ್ತು. ಅವರು ಒತ್ತಿ ಮುಂದೆ ಹೋಗಿದ್ದರು. ಕ್ಲೈಡ್ ತಲೆಯೆತ್ತಿ ನುರ್ಸಿಯಾಳನ್ನು ನೋಡಿದ. ಜೇಬಿನಲ್ಲಿ ಕೈಯಾಡಿಸಿ ನಾಣ್ಯ ಗಿಲಕಿಸಿದ. ಸಣ್ಣ ಸದ್ದು. ಕೊಠಡಿಯಲ್ಲಿ ಎಲ್ಲರಿಗೂ ಕೇಳಿಸಿತು.

ನುರ್ಸಿಯಾ ಎರಡೂ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡಳು. ಬಕೆಟ್ಟಿನ ಹಿಡಿಗೆ ಬೆರಳ ಗೆಣ್ಣುಗಳು ಗಂಟುಗಟ್ಟಿದ್ದವು. ತೊಟ್ಟಿ ತೊಳೆಯುವ ಕ್ಲೋರಿನ್ನಿಗೆ ಉಗುರು ಬೆಳ್ಳಗಾಗಿದ್ದವು. ಆ ಕೈ ಮತ್ತೆ ಮೇಲೆ ಬರಲಿಲ್ಲ. ಅವಳು ಅಳಲಿಲ್ಲ. ಎದ್ದು ಹೋಗಲೂ ಇಲ್ಲ. ಎದ್ದು ಹೋದರೆ ಗೈರುಹಾಜರಿ ಆಗುತ್ತದೆ. ಸಮಯ ಮುಗಿಯುವವರೆಗೆ ಬೆನ್ನು ನೆಟ್ಟಗೆ ಮಾಡಿ ಆ ಪ್ರಶ್ನೆಯ ಎದುರು ಕೂತಳು. ಕಿಟಕಿಯಾಚೆ ತಾಬುಕ್‌ನ ತಗಡಿನ ಮಾಡುಗಳು ಬಿಸಿಲಿಗೆ ಹೊಳೆಯುತ್ತಿದ್ದವು. ಅವಳು ಆ ಕಡೆ ನೋಡಲಿಲ್ಲ.

ಫಲಿತಾಂಶ ಪರದೆಯ ಮೇಲೆ ತಾನಾಗಿ ಬಂತು. ಉತ್ತರಿಸಿದ ಮೂವತ್ತಾರರಲ್ಲಿ ಮೂವತ್ತನಾಲ್ಕು ಸರಿ. ನೂರಕ್ಕೆ ಮೂವತ್ತನಾಲ್ಕು. ಅನುತ್ತೀರ್ಣ.

ಮರುದಿನ ಡೀನ್ ಬಳಿ ಹೋದೆ. ಕೂರಲು ಹೇಳಿದರು. ಕೆಟ್ಟ ಮನುಷ್ಯ ಅಲ್ಲ ಅವರು. ಪ್ರಶ್ನೆ ಓದಿ ಹುಬ್ಬು ಗಂಟಿಕ್ಕಿದರು. ಪದಗಳು ಸ್ವಲ್ಪ ಒರಟಾದವು ಎಂದರು. ಇದು ಅವಮಾನ, ಅವಳ ಅಂಕ ಸರಿಪಡಿಸಿ, ಪ್ರಶ್ನೆ ತೆಗೆದು ಕ್ಷಮೆ ಕೇಳಿ ಎಂದೆ.

"ಯಾರು ಕೇಳಬೇಕು, ವೆನಾ?"

"ಕಾಲೇಜು."

"ಕಾಲೇಜು ಬರೆದಿಲ್ಲವಲ್ಲ. ನಾನು ಬರೆದಿಲ್ಲ. ನೀವು ಬರೆದಿಲ್ಲ. ಯಾರೂ ಬರೆಯದ ಮಾತಿಗೆ ಯಾರು ಕ್ಷಮೆ ಕೇಳೋದು? ಬೈದವರು ಇದ್ದರೆ ತಾನೆ ಬೈಗುಳ."

ಇದನ್ನು ಅವರು ವ್ಯಂಗ್ಯವಾಗಿ ಹೇಳಲಿಲ್ಲ. ನಿಜವಾಗಿಯೂ ಕೇಳಿದರು. ನಾನು ಆರು ವರ್ಷದಿಂದ ವಿಜ್ಞಾನ ಕಲಿಸುತ್ತಿದ್ದೆ. ಕಾರಣ ಇಲ್ಲದ ಪರಿಣಾಮ ಇಲ್ಲ ಎಂದು ಪಾಠ ಮಾಡುತ್ತಿದ್ದೆ. ಇಲ್ಲಿ ಪರಿಣಾಮ ಬೆಂಚಿನ ಮೇಲೆ ಕೂತಿತ್ತು. ಕಾರಣ ಯಾರ ಕೈಗೂ ಸಿಗುತ್ತಿರಲಿಲ್ಲ. ಪೈಪಿಗೂ ಒಂದು ಬಾಯಿ ಇರುತ್ತದೆ, ಹೋಗಿ ತೋರಿಸಬಹುದು. ಈ ಯಂತ್ರಕ್ಕೆ ಅದೂ ಇಲ್ಲ.

ಡೀನ್ ಒಂದು ದಾರಿ ಹೇಳಿದರು. ಪರೀಕ್ಷೆಯ ವೇಳೆ ಟ್ಯಾಬ್ಲೆಟ್ ಕೆಟ್ಟಿತ್ತು ಎಂದು ನುರ್ಸಿಯಾ ಬರೆದು ಸಹಿ ಹಾಕಲಿ. ಮೇಲ್ವಿಚಾರಕಿಯಾಗಿ ನಾನೂ ಸಹಿ ಹಾಕಲಿ. ತಾಂತ್ರಿಕ ದೋಷಕ್ಕೆ ಮರುಪರೀಕ್ಷೆ ಕೊಡಲು ನಿಯಮದಲ್ಲಿ ಅವಕಾಶ ಇದೆ. ಶುಕ್ರವಾರ ಸಂಜೆಯೊಳಗೆ ತರಬೇಕು. ಪ್ರಶ್ನೆಯನ್ನೂ ತಿದ್ದಿಸುತ್ತೇನೆ ಎಂದರು. ನನ್ನೆದುರೇ ತಿದ್ದಿಸಿದರು. ಯಾರಿಗೂ ನೋವಾಗದಂತೆ ಬರೆ ಎಂದು ಯಂತ್ರಕ್ಕೆ ಹೇಳಿದರು. ಅದು ತಕ್ಷಣ ಒಪ್ಪಿಕೊಂಡಿತು. ಬಜಾವ್ ಎಂಬ ಹೆಸರು ತೆಗೆದು, ಅನೌಪಚಾರಿಕ ಕರಾವಳಿ ವಸತಿಯ ನಿವಾಸಿಗಳು ಎಂದು ಹಾಕಿತು. ತಾಬುಕ್ ಹಾಗೇ ಉಳಿಯಿತು. ನಾಲ್ಕು ಉತ್ತರಗಳೂ ಹಾಗೇ ಉಳಿದವು.

"ನೋಡಿ, ಈಗ ಎಷ್ಟು ಸಭ್ಯವಾಗಿದೆ," ಎಂದರು.

ನಾನು ಟ್ಯಾಬ್ಲೆಟ್ ಕೆಟ್ಟಿತ್ತು ಎಂಬ ಕಾಗದ ಹಿಡಿದು ತಾಬುಕ್‌ಗೆ ಹೋದೆ. ಸಹಿ ಹಾಕಿಸುವುದಕ್ಕೇ ಹೋದೆ. ಅವಳು ಉಳಿಯಬೇಕಿತ್ತು. ಸತ್ಯವನ್ನು ಆಮೇಲೆ ನೋಡಿಕೊಳ್ಳಬಹುದು ಅನಿಸಿತ್ತು. ಎರಡು ಹಲಗೆಯ ಅಗಲದ ಸೇತುವೆ. ಕೆಳಗೆ ಕಪ್ಪು ನೀರು, ಪ್ಲಾಸ್ಟಿಕ್ಕು. ಅವಳ ತಾಯಿ ಬಸ್ಸಿಯಾ ಬಾಗಿಲಲ್ಲಿ ಕೂತು ಚಾಪೆ ನೇಯುತ್ತಿದ್ದಳು. ಮರಗೆಣಸು ತುರಿದು ಹಬೆಯಲ್ಲಿ ಬೇಯಿಸಿದ ಪುಟು, ಸುಟ್ಟ ಮೀನು ಮುಂದಿಟ್ಟಳು. ನಾನು ವಿಷಯ ಹೇಳಿದೆ. ಅವಳು ಮಗಳ ಕಡೆ ತಿರುಗಿದಳು.

"ಹಾಕು ಮಗಳೇ. ಒಂದು ಸುಳ್ಳಿಗೆ ನಾಲಿಗೆ ಉದುರೋಲ್ಲ. ದಡದೋರಿಗೆ ನಾವು ಸುಳ್ಳು ಹೇಳೋದು ಇದೇನು ಮೊದಲಾ? ಯಾವ ಮೀನು ಎಲ್ಲಿ ಸಿಗ್ತು ಅಂತ ಯಾವತ್ತಾದ್ರೂ ನಿಜ ಹೇಳಿದೀವಾ?"

ನುರ್ಸಿಯಾ ನಕ್ಕಳು. ಪರೀಕ್ಷೆಯ ನಂತರ ಅವಳು ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಕಾಗದವನ್ನು ಪೂರ್ತಿ ಓದಿದಳು. ಮಡಚಿ ನನ್ನ ಕೈಗೆ ವಾಪಸ್ಸು ಕೊಟ್ಟಳು.

"ಯಂತ್ರ ಕೆಟ್ಟಿರಲಿಲ್ಲ ಮ್ಯಾಮ್. ಚೆನ್ನಾಗೇ ಕೆಲಸ ಮಾಡ್ತಿತ್ತು. ಕೆಟ್ಟಿತ್ತು ಅಂತ ನಾನು ಬರೆದುಕೊಟ್ರೆ, ಅದು ಕೇಳಿದ್ದು ಸರಿ, ತಪ್ಪು ನನ್ನ ಟ್ಯಾಬ್ಲೆಟ್‌ದು ಅಂತ ಆಗುತ್ತೆ. ಆಮೇಲೆ ಅದೇ ಪ್ರಶ್ನೆ ಸಭ್ಯವಾಗಿ ಬರುತ್ತೆ. ಆಗ ಏನು ಒತ್ತಲಿ?"

"ಉಳೀಬೇಕಲ್ಲ, ನುರ್ಸಿಯಾ."

"ನಾಣ್ಯ ಕಟ್ಟೆ ಮೇಲಿಟ್ಟು ಬಂದೆ. ಅದನ್ನೇ ಇಲ್ಲೂ ಮಾಡ್ತಿದೀನಿ, ಅಷ್ಟೇ."

ಬಸ್ಸಿಯಾ ಚಾಪೆಯ ಎಳೆ ಎಳೆದು ಬಿಗಿ ಮಾಡಿದಳು. ಇವಳಿಗೆ ಓದು ತಲೆಗೇರಿದೆ, ಮೊದಲು ಮನೆಯಲ್ಲಿ ಹೀಗೆ ಮಾತಾಡುತ್ತಿರಲಿಲ್ಲ ಎಂದು ನನ್ನನ್ನೇ ಬೈದಳು. ಬೈಗುಳ ನ್ಯಾಯವಾದದ್ದೇ. ಅದನ್ನು ಬೈದವರು ಎದುರಿಗೆ ಕೂತಿದ್ದರು.

ನನಗೆ ಗೊತ್ತಿದ್ದ ವಿದ್ಯೆ ಒಂದೇ. ಶುಕ್ರವಾರ ಬೆಳಿಗ್ಗೆ ಪ್ರಯೋಗಾಲಯದಿಂದ ಶುದ್ಧೀಕರಿಸಿದ ಬಾಟಲಿಗಳನ್ನು ತಂದೆ. ನುರ್ಸಿಯಾ ದೋಣಿಗೆ ಹುಟ್ಟು ಹಾಕಿದಳು. ನೀರಿಳಿತದ ಹೊತ್ತು. ಮೂರು ಕಡೆ ನೀರು ತೆಗೆದೆವು. ತಾಬುಕ್‌ನ ಹೊರಅಂಚಿನಲ್ಲಿ, ಅವಳು ಬಕೆಟ್ಟು ತುಂಬುತ್ತಿದ್ದ ಜಾಗ. ತಾಬುಕ್‌ನ ನಡುವೆ, ಅವಳ ಮನೆಯ ಕಂಬದ ಬುಡ. ಕೊನೆಗೆ ಹಾಸ್ಟೆಲ್ ಪೈಪಿನ ಬಾಯಿ. ಅಲ್ಲಿ ಅವಳು ಬಟ್ಟೆಯಿಂದ ಮೂಗು ಕಟ್ಟಿಕೊಂಡಳು. ನಾನು ಕಟ್ಟಿಕೊಳ್ಳಲಿಲ್ಲ. ಯಾಕೋ ಕಟ್ಟಿಕೊಳ್ಳಬಾರದು ಅನಿಸಿತು. ಅಳೆದ್ರೂ ಏನೂ ಆಗೋಲ್ಲ ಅಲ್ವಾ ಮ್ಯಾಮ್ ಎಂದು ಅವಳು ಕೇಳಿದಳು. ಆಗುವುದಿಲ್ಲ ಎಂದೆ. ಸರಿ, ಬಾಟಲಿ ಕೊಡಿ ಎಂದಳು.

ಮಾದರಿಗಳನ್ನು ತೆಳುಗೊಳಿಸಿ ಕೊಳವೆಗಳಿಗೆ ಹಾಕಿದೆ. ಬ್ಯಾಕ್ಟೀರಿಯ ಇದ್ದರೆ ಒಳಗಿನ ಪುಟ್ಟ ಕೊಳವೆಯಲ್ಲಿ ಗಾಳಿಗುಳ್ಳೆ ಕಟ್ಟುತ್ತದೆ. ಗುಳ್ಳೆ ಕಟ್ಟಿದವನ್ನು ಇನ್ನೊಂದು ದ್ರಾವಣಕ್ಕೆ ದಾಟಿಸಿ ಹೆಚ್ಚು ಬಿಸಿಯಲ್ಲಿ ಇಟ್ಟರೆ ಮಲದಿಂದ ಬಂದವು ಮಾತ್ರ ಉಳಿಯುತ್ತವೆ. ಗುಳ್ಳೆ ಕಟ್ಟಿದ ಕೊಳವೆಗಳನ್ನು ಎಣಿಸಿ ಕೋಷ್ಟಕ ನೋಡಬೇಕು. ಎರಡು ಸಲ ಎಣಿಸಿದೆ. ತಾಬುಕ್‌ನ ನೀರು ಶುದ್ಧ ಎಂದು ನಾನು ಹೇಳುವುದಿಲ್ಲ. ಅಲ್ಲಿ ಶೌಚಾಲಯ ಇಲ್ಲ. ನಗರಸಭೆ ಕಟ್ಟಿಕೊಟ್ಟಿಲ್ಲ. ಆ ಅಂಕಿಯನ್ನೂ ಮುಚ್ಚಿಡದೆ ಬರೆದೆ.

ಅಂಕಿಗಳ ಹಾಳೆಯನ್ನು ಡೀನ್ ಮೇಜಿನ ಮೇಲೆ ಇಟ್ಟಾಗ ಶುಕ್ರವಾರ ಕಳೆದು ಐದು ದಿನವಾಗಿತ್ತು. ನುರ್ಸಿಯಾಳ ಹೆಸರು ಆಗಲೇ ಹಾಜರಿಯಿಂದ ಹೋಗಿತ್ತು. ಅವರು ಮೂರನೆಯ ಅಂಕಿಯ ಮೇಲೆ ಬೆರಳಿಟ್ಟರು. ಆಮೇಲೆ ನಮ್ಮ ಪ್ರಯೋಗಾಲಯಕ್ಕೆ ಸರ್ಕಾರದ ಮಾನ್ಯತೆ ಇಲ್ಲ, ಹಾಗಾಗಿ ಈ ಅಂಕಿಯನ್ನು ಎಲ್ಲೂ ಬಳಸುವಂತಿಲ್ಲ ಎಂದರು.

"ನಿಮ್ಮ ಯಂತ್ರ ಯಾವ ಪ್ರಯೋಗಾಲಯದಲ್ಲಿ ಅಳೆದು ನೋಡಿ ಆ ಪ್ರಶ್ನೆ ಬರೀತು ಸರ್?"

"ಅದು ಬರೀ ಪ್ರಶ್ನೆ, ವೆನಾ. ಪ್ರಶ್ನೆಗೆ ಮಾನ್ಯತೆ ಬೇಕಿಲ್ಲ."

ಹಾಳೆಯನ್ನು ನನ್ನ ಕಡೆ ಸರಿಸಿದರು. ಅದನ್ನು ತೆಗೆದುಕೊಳ್ಳದೆ ಎದ್ದು ಬಂದೆ. ನಾನು ಮಾಡಿದ್ದು ಅಷ್ಟೇ. ಜನವರಿಯಲ್ಲಿ ನನ್ನ ಗುತ್ತಿಗೆ ಮುಂದುವರಿಯಲಿಲ್ಲ. ಕಾರಣ ಕೊಡಲಿಲ್ಲ. ಗುತ್ತಿಗೆಯವರಿಗೆ ಕಾರಣ ಕೊಡುವ ಪದ್ಧತಿ ಇಲ್ಲ.

ನುರ್ಸಿಯಾ ಚಿಕ್ಕಪ್ಪನ ದೋಣಿ ಹತ್ತಿ ಗಡಿ ದಾಟಿ ಪಕ್ಕದ ದೇಶದ ಸಬಾ ಕಡೆಗೆ ಹೋದಳು. ಅಲ್ಲಿ ಅವಳ ಜನಕ್ಕೆ ಯಾವ ಕಾಗದವೂ ಇಲ್ಲ. ಯಾರು ಎಂದು ಕೇಳಿದರೆ ಓಡಬೇಕು. ಸಮುದ್ರದ ಪಾಚಿ ಬೆಳೆಸಲು ಅದನ್ನು ಹಗ್ಗಕ್ಕೆ ಕಟ್ಟುವ ಕೆಲಸ ಸಿಕ್ಕಿದೆಯಂತೆ. ನನಗೆ ಒಂದು ಸಲ ಸಂದೇಶ ಕಳಿಸಿದಳು. ತೊಟ್ಟಿಯ ಮರಿಗಳು ಬದುಕಿವೆಯಾ ಎಂದು ಕೇಳಿದ್ದಳು. ಮತ್ತೇನೂ ಇರಲಿಲ್ಲ.

ಮರಿಗಳು ಬದುಕಿವೆ. ಮೊನ್ನೆ ನನ್ನ ಉಳಿದ ಪುಸ್ತಕಗಳನ್ನು ತರಲು ಕಾಲೇಜಿಗೆ ಹೋಗಿದ್ದೆ. ಪಂಪು ಹಾಗೇ ಇದೆ. ನೀರು ಹೊರಲು ದಿನಗೂಲಿಗೆ ಒಬ್ಬಳನ್ನು ಇಟ್ಟುಕೊಂಡಿದ್ದಾರೆ. ಬಸ್ಸಿಯಾ. ಬಿದಿರಿಗೆ ಹೆಗಲು ಕೊಟ್ಟು, ಮೊಣಕಾಲು ಮಡಚಿ, ಮೆಟ್ಟಿಲು ಹತ್ತುತ್ತಿದ್ದಳು. ನುರ್ಸಿಯಾಳ ತರಗತಿಯಿಂದ ಮೂರನೇ ವರ್ಷಕ್ಕೆ ಹೋದ ಹುಡುಗರು ಮೆಟ್ಟಿಲ ಮೇಲೆ ಕೂತಿದ್ದರು. ಯಾರೋ ನಾಣ್ಯ ಎಸೆದರು. ಅವಳು ಬಕೆಟ್ಟು ಇಳಿಸಿ, ಕೈ ಹಾಕಿ, ನಾಣ್ಯ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡಳು. ನನ್ನನ್ನು ಕಂಡಳು. ಕಣ್ಣು ತಪ್ಪಿಸಲಿಲ್ಲ.

"ಅವಳು ಕಟ್ಟೆ ಮೇಲೆ ಇಟ್ಟಿದ್ದನ್ನೂ ತಗೊಂಡೆ," ಎಂದಳು. "ಹೊಟ್ಟೆಗೆ ಕಟ್ಟೆ ಇಲ್ಲ."

ಆ ಪ್ರಶ್ನೆ ಈಗಲೂ ಆರು ನೂರರಲ್ಲಿ ಇದೆ. ಮುಂದಿನ ಡಿಸೆಂಬರಿನಲ್ಲಿ ಸಭ್ಯ ಭಾಷೆಯಲ್ಲಿ ಬರುತ್ತದೆ. ಸರಿಯುತ್ತರ ‘ಈ’: ಮೇಲಿನ ಮೂರೂ. ನನ್ನ ಅಂಕಿಗಳಿಗೆ ಮಾನ್ಯತೆ ಇಲ್ಲ. ಆದರೂ ಅಳೆದದ್ದು ಅಳೆದದ್ದೇ, ಬರೆದವಳು ನಾನು, ವೆನಾ ಸುಮಾಲ್ಪೊಂಗ್. ತಪ್ಪಿದ್ದರೆ ಬಂದು ಜಗಳ ಆಡಬಹುದು. ನೂರು ಮಿಲಿಲೀಟರ್ ನೀರಿನಲ್ಲಿ ಮಲದ ಕೋಲಿಫಾರಂ: ತಾಬುಕ್‌ನ ಹೊರಅಂಚಿನಲ್ಲಿ 540. ತಾಬುಕ್‌ನ ಮನೆಗಳ ನಡುವೆ 5,400. ಕಾಲೇಜು ಹಾಸ್ಟೆಲ್ಲಿನ ಪೈಪಿನ ಬಾಯಿಯಲ್ಲಿ 1,60,000.